ಬೋಟಿಗೆ ಬೀಗ ಸಾಲದು, ದುಡಿದವನ ಲೆಕ್ಕವೂ ಮುಗಿಯಬೇಕು

2025ರ ಫೆಬ್ರವರಿ ಕೊನೆಯಲ್ಲಿ ಮಲ್ಪೆ ಸಮೀಪದ ಸೈಂಟ್ ಮೇರಿಸ್ ದ್ವೀಪದ ಹತ್ತಿರ ಪರದೇಶದ ಒಂದು ಮೀನುಗಾರಿಕಾ ಬೋಟು ಸಿಕ್ಕಿತು. ಒಳಗಿದ್ದವರು ತಮಿಳುನಾಡಿನ ಮೂವರು ಮೀನುಗಾರರು, ಬೋಟು ಒಮಾನಿನದು. ಮಾಲೀಕ ಸಂಬಳ ಕೊಡಲಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಂಡ, ಬೇರೆ ದಾರಿ ಕಾಣದೆ ಅವನದೇ ಬೋಟಿನಲ್ಲಿ ಹೊರಟು ಬಂದೆವು ಅಂತ ಅವರು ಹೇಳಿದರು. ಕೋಸ್ಟ್ ಗಾರ್ಡ್ ತಡೆಯಿತು, ಪೊಲೀಸರು ಕೇಸು ಹಾಕಿದರು. ಅದಕ್ಕೆ ಒಂದು ವರ್ಷ ಹಿಂದೆ, 2024ರ ಫೆಬ್ರವರಿಯಲ್ಲಿ, ಕುವೈತಿನ ಬೋಟೊಂದು ಇದೇ ರೀತಿ ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ತನಕ ಬಂದಿತ್ತು. ಅದರಲ್ಲೂ ತಮಿಳುನಾಡಿನವರೇ ಮೂವರು. ಅವರು ಹೇಳಿದ ಕಾರಣವೂ ಅದೇ.

ಅರಸೀಕೆರೆ, ಬೇಲೂರು, ಹಳೇಬೀಡಿನವರಾದ ನಮಗೆ ಬೋಟಿನ ವಿಷಯ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಸಮುದ್ರ ಅಂತ ಹೆಸರಿರುವುದು ಹಳೇಬೀಡಿನ ದ್ವಾರಸಮುದ್ರದಂಥ ಕೆರೆಗಳಿಗೆ. ಆದರೆ ಘಟ್ಟ ಹತ್ತಿ ಬಂದ ಬ್ಯಾರಿಗಳು ನಾವು. ನಮ್ಮ ಹೆಸರು 'ಬ್ಯಾರ' ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ, ಅರಬಿಯ 'ಬಹ್ರ್' ಅಂದರೆ ಸಮುದ್ರದಿಂದ ಬಂತು ಎನ್ನುವವರೂ ಇದ್ದಾರೆ. ಇವತ್ತಿಗೂ ಮಂಗಳೂರು, ಮಲ್ಪೆಯ ದಕ್ಕೆಯಲ್ಲಿ ನೆಂಟರ ಜೊತೆ ಬೋಟಿನಲ್ಲಿ ಪಾಲು ಹಾಕಿದವರು ನಮ್ಮಲ್ಲಿದ್ದಾರೆ. ಗಲ್ಫಿನಲ್ಲಿ ದುಡಿಯುವ ಮಕ್ಕಳಂತೂ ಎಷ್ಟೋ ಮನೆಗಳಲ್ಲಿದ್ದಾರೆ. ಅಂದರೆ ಈ ಸುದ್ದಿಯ ಎರಡೂ ಕಡೆ ನಾವಿದ್ದೇವೆ: ಬೋಟಿನ ಮಾಲೀಕನ ಕಡೆಯೂ, ಸಂಬಳ ಸಿಗದ ಕೆಲಸಗಾರನ ಕಡೆಯೂ.

ಮದ್ರಸದಲ್ಲಿ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಸಂಬಳ ಕೊಡದವನ ಬೋಟು ತಂದರೆ ಅದು ಕಳ್ಳತನವಾ?" ಆ ಹುಡುಗನ ಉಪ್ಪ ಗಲ್ಫಿನಲ್ಲಿ ಇದ್ದಾರೆ. ನಾವು ಕೂಡಲೇ ಉತ್ತರ ಕೊಡಲಿಲ್ಲ. ಪರರ ಸ್ವತ್ತು ಕೇಳದೆ ತರುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ದುಡಿಸಿಕೊಂಡು ಕೂಲಿ ಕೊಡದಿರುವುದೂ ಪರರ ಸ್ವತ್ತು ಇಟ್ಟುಕೊಂಡ ಹಾಗೆಯೇ. ಒಂದು ತಪ್ಪು ಇನ್ನೊಂದನ್ನು ಸರಿ ಮಾಡುವುದಿಲ್ಲ. ಆದರೆ ಮೊದಲನೆಯದು ನಡೆಯದಿದ್ದರೆ ಎರಡನೆಯದು ನಡೆಯುತ್ತಿತ್ತಾ ಅಂತ ಯೋಚಿಸಬೇಕು. ಆ ಎರಡು ಬೋಟುಗಳಲ್ಲಿ ಹೊರಗಿನ ಕಳ್ಳ ಬಂದು ಬೀಗ ಒಡೆಯಲಿಲ್ಲ. ಬೋಟು ಓಡಿಸಲು ಗೊತ್ತಿದ್ದವರ ಕೈಯಲ್ಲೇ ಬೋಟು ಇತ್ತು.

ಹೊರಗಿನ ಕಳ್ಳರ ಭಯ ಇಲ್ಲವೆಂದಲ್ಲ. 2008ರ ನವೆಂಬರಿನಲ್ಲಿ ಮುಂಬೈ ದಾಳಿಗೆ ಬಂದವರು ಗುಜರಾತಿನ 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ, ಅದರಲ್ಲಿದ್ದ ಬಡ ಮೀನುಗಾರರನ್ನು ಕೊಂದರು. ಬೋಟು ಕಳೆದುಹೋಗುವುದು ಮಾಲೀಕನೊಬ್ಬನ ನಷ್ಟ ಮಾತ್ರ ಅಲ್ಲ ಅಂತ ಆವತ್ತು ದೇಶಕ್ಕೇ ಗೊತ್ತಾಯಿತು. ಆಮೇಲೆ ಬೋಟುಗಳ ನೋಂದಣಿ, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಿಗಿಯಾದವು. ಕರ್ನಾಟಕದ ಬೋಟುಗಳ ಮೇಲೆ 'ಐಎನ್‌ಡಿ-ಕೆಎ' ಅಂತ ಶುರುವಾಗುವ ನಂಬರು ಕಾಣುತ್ತದಲ್ಲ, ಅದೇ ಬೋಟಿನ ಗುರುತು. ಒಂದು ಲಕ್ಷ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಚಾಲನೆ ಸಿಕ್ಕಿತು. ಬೋಟು ಎಲ್ಲಿದೆ ಅಂತ ದಡದಲ್ಲಿ ಕೂತು ತಿಳಿಯಬಹುದು.

ಯಂತ್ರ ಮಾಡುವುದು ಯಂತ್ರದ ಕೆಲಸ. ಉಳಿದದ್ದು ಪಾಲುದಾರರು ಮಾಡಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಡದಲ್ಲಿ, ಕೆಲಸದವರು ಊರಲ್ಲಿ. ಆಗ ಬೋಟೇ ಹೋಗಬೇಕೆಂದಿಲ್ಲ, ಬ್ಯಾಟರಿ, ಜಿಪಿಎಸ್, ವೈರ್‌ಲೆಸ್ ಸೆಟ್ ಹೋದರೂ ಸಾಕು. ಬಿಚ್ಚಲು ಬರುವುದನ್ನು ಬಿಚ್ಚಿ ಮನೆಯಲ್ಲಿಡಿ. ನಾಡದೋಣಿಯ ಔಟ್‌ಬೋರ್ಡ್ ಎಂಜಿನನ್ನು ರಾತ್ರಿ ದೋಣಿಯಲ್ಲೇ ಬಿಡಬೇಡಿ. ಎಂಜಿನಿನ ನಂಬರು, ಬೋಟಿನ ನಾಲ್ಕು ಕಡೆಯ ಫೋಟೋ, ನೋಂದಣಿ ಪತ್ರ, ವಿಮೆ ಪತ್ರದ ನಕಲು ಎಲ್ಲ ಪಾಲುದಾರರ ಹತ್ತಿರವೂ ಇರಲಿ, ಬೇಲೂರಿನಲ್ಲಿ ಕೂತವರ ಹತ್ತಿರವೂ. ವಿಮೆಯಲ್ಲಿ ಕಳವು ಸೇರಿದೆಯಾ ಅಂತ ಓದಿ ನೋಡಿ. ಯಗಚಿ ಹಿನ್ನೀರಿನಲ್ಲಿ ತೆಪ್ಪ ಇಟ್ಟವರಿಗೂ ಇದೇ ಮಾತು: ಗುರುತು ಹಾಕಿ, ಹುಟ್ಟನ್ನು ಮನೆಗೆ ತನ್ನಿ.

ಶುಕ್ರವಾರ ಅಲ್ ಕಹ್ಫ್ ಓದುವ ಮನೆಗಳಲ್ಲಿ ಒಂದು ದೋಣಿಯ ಕತೆ ಎಲ್ಲರಿಗೂ ಗೊತ್ತು. ಮೂಸಾ ನಬಿ(ಅ) ಜೊತೆಗಿರುವಾಗಲೇ ಖಿಳ್ರ್(ಅ) ದೋಣಿಗೆ ತೂತು ಮಾಡಿದರು. ಕಾರಣ ಆಮೇಲೆ ತಿಳಿಯಿತು: ದೋಣಿ ಕಡಲಲ್ಲಿ ದುಡಿಯುವ ಬಡವರದು, ಮುಂದೆ ಕಂಡ ದೋಣಿಗಳನ್ನೆಲ್ಲ ಕಸಿಯುವ ಅರಸ ಇದ್ದ. ಕುಂದಿದ್ದ ದೋಣಿ ಉಳಿಯಿತು. ಕಸಿಯುವವನಿಗೆ ಬೇಡವಾಗುವ ಹಾಗೆ ಮಾಡುವುದೂ ಒಂದು ಕಾವಲು. ಎಂಜಿನ್, ಬ್ಯಾಟರಿ ಮೇಲೆ ಅಳಿಸಲಾಗದ ಹಾಗೆ ನಂಬರು ಕೊರೆಸಿದರೆ ನೋಡಲು ಚೆಂದ ಇರಲಿಕ್ಕಿಲ್ಲ, ಆದರೆ ಕಳ್ಳನಿಗೆ ಮಾರಲು ಕಷ್ಟ.

ಇನ್ನು ಕೆಲಸಗಾರರ ಮಾತು. ತಾಂಡೇಲ, ಕಲಾಸಿಗಳ ಪಾಲನ್ನು ಸೀಸನ್ ಮುಗಿಯುವಾಗ ಬಾಕಿ ಇಡದೆ, ಬರೆದು, ಸಹಿ ಹಾಕಿಸಿ ಕೊಡಿ. ಗುರುತಿನ ಚೀಟಿಯ ನಕಲು ಸಾಕು, ಮೂಲ ಅವರ ಕೈಯಲ್ಲೇ ಇರಲಿ. ತೃಪ್ತಿಯಿಂದ ಊರಿಗೆ ಹೋದ ಕಲಾಸಿ, ಬೋಟಿನ ಹತ್ತಿರ ಅಪರಿಚಿತರು ಸುಳಿದರೆ ಮೊದಲು ಫೋನ್ ಮಾಡುವವನಾಗುತ್ತಾನೆ. ಕರಾವಳಿ ಕಾವಲು ಪೊಲೀಸರ ನಂಬರು 1093, ಕೋಸ್ಟ್ ಗಾರ್ಡ್ 1554. ಒಳನಾಡಿನವರಿಗೆ 112.

ಗಲ್ಫಿಗೆ ಹೋಗುವ ಮಕ್ಕಳಿಗೂ ಹೇಳಿ ಕಳಿಸಿ: ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಮಾಲೀಕ ಅಡವಿಟ್ಟುಕೊಳ್ಳುವ ವಸ್ತು ಅಲ್ಲ. ಸಂಬಳ ನಿಂತರೆ ರಾಯಭಾರ ಕಚೇರಿಗೆ, ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲಿಗೆ ದೂರು ಕೊಡಬಹುದು. ಆ ದೂರನ್ನು ಊರಿನಿಂದ ಮನೆಯವರೂ ಕೊಡಬಹುದು.

ಮುಂದಿನ ಕ್ಲಾಸಿನಲ್ಲಿ ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟು: "ಮೋನೆ, ಬೋಟು ತಂದದ್ದು ತಪ್ಪು. ಆದರೆ ಆ ಲೆಕ್ಕದಲ್ಲಿ ಸಂಬಳದ ಬಾಕಿಯನ್ನೂ ಬರೆಯಬೇಕು." ಅವನು ಮತ್ತೆ ಕೇಳಿದ: "ಬರೆಯುವವರು ಯಾರು ಉಸ್ತಾದ್?" ಆ ಪ್ರಶ್ನೆ ಬೋಟಿನಲ್ಲಿ ಪಾಲು ಇರುವ ನಮಗೆಲ್ಲ ಸೇರಿದ್ದು.