ಹುಳಿರಸದ ಕೆನೆ: ಪರೀಕ್ಷೆ ಚೀಟಿ ರೈತರ ಕೈಗೂ ಬರಲಿ

ಚಿಂತಾಮಣಿ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಾಗ ಟೊಮೆಟೊ ರಸ್ತೆ ಪಕ್ಕ ಸುರಿಯೋದು ನಮಗೆ ಹೊಸದಲ್ಲ. ಚಿಕ್ಕಬಳ್ಳಾಪುರದ ಕಡೆ ಮಳೆಗೆ ಒಡೆದ ದ್ರಾಕ್ಷಿಗೂ ಅದೇ ಗತಿ. ಇಂಥ ಹಣ್ಣಿನ ರಸದಿಂದ ಚರ್ಮದಂಥ ಹಾಳೆ ಮಾಡಬಹುದು ಅಂತಾರೆ. ಮಾತು ಸುಳ್ಳಲ್ಲ. ಕೇರಳದ ಮಲೈ ಅನ್ನೋ ಕಂಪನಿ ಬಿಸಾಡುವ ತೆಂಗಿನಕಾಯಿ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಬಾಳೆನಾರಿನಂಥದ್ದು ಸೇರಿಸಿ ಹಾಳೆ ಮಾಡಿ ತೋರಿಸಿದೆ. ಫಿಲಿಪೈನ್ಸ್ ದೇಶದಲ್ಲಿ ಇದೇ ಕೆನೆಯನ್ನು ಸಕ್ಕರೆಪಾಕದಲ್ಲಿ ಹಾಕಿ, ನಾಟಾ ಡಿ ಕೋಕೋ ಅಂತ ತಿನ್ನುತ್ತಾರೆ.

ಕೆಲಸ ಹೀಗೆ. ಸಿಹಿರಸ ಕುದಿಸಿ ಆರಿಸಬೇಕು. ಸ್ವಲ್ಪ ಹುಳಿ ಮಾಡಿ, ಅಗಲದ ಟ್ರೇಗೆ ಹುಯ್ದು, ವಿನೆಗರ್ ಜಾತಿಯ ಬ್ಯಾಕ್ಟೀರಿಯಾದ ಹೆಪ್ಪು ಹಾಕಬೇಕು. ಅಲುಗಿಸದೆ 30 ಡಿಗ್ರಿ ಆಸುಪಾಸಿನ ಶಾಖದಲ್ಲಿಟ್ಟರೆ ಒಂದೆರಡು ವಾರದಲ್ಲಿ ಮೇಲೆ ದಪ್ಪ ಕೆನೆ ಕಟ್ಟುತ್ತದೆ. ಅದು ಸೆಲ್ಯುಲೋಸ್. ಹತ್ತಿಯಲ್ಲಿರೋದೂ ಅದೇ. 1886ರಲ್ಲೇ ಬ್ರೌನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದನ್ನು ಗುರುತಿಸಿದ್ದರು.

ಆದರೆ ನಮ್ಮ ಬಯಲುಸೀಮೆಯ ಲೆಕ್ಕ ಹಾಕಿ ನೋಡಿ. ಹಸಿ ಕೆನೆ 100 ಕಿಲೋ ಇದ್ದರೆ 98-99 ಕಿಲೋ ನೀರೇ. ಒಣಗಿಸಿದ ಮೇಲೆ ಉಳಿಯೋದು ಒಂದೆರಡು ಕಿಲೋ. ಟೊಮೆಟೊದಲ್ಲಿ ಸಕ್ಕರೆ ನೂರಕ್ಕೆ ಸುಮಾರು ಮೂರು ಪಾಲು, ದ್ರಾಕ್ಷಿಯಲ್ಲಿ ಅದರ ಐದು ಪಟ್ಟಿನ ಹತ್ತಿರ. ಟೊಮೆಟೊ ರಸಕ್ಕೆ ಬೆಲ್ಲವೋ ಸಕ್ಕರೆಯೋ ಸೇರಿಸಬೇಕಾದರೆ ಆ ಖರ್ಚು ಯಾರದು? ಕೆನೆಯನ್ನು ಕಾಸ್ಟಿಕ್ ಸೋಡದಲ್ಲಿ ತೊಳೆದು, ಸೋಡ ಬಿಡುವ ತನಕ ಮತ್ತೆ ಮತ್ತೆ ನೀರಲ್ಲಿ ಜಾಲಿಸಬೇಕು. ಗೌರಿಬಿದನೂರಿನ ಬೋರ್‌ವೆಲ್ ಆಳ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಸೋಡದ ನೀರನ್ನು ಕೆರೆಗೆ ಬಿಡುವಂತೆಯೂ ಇಲ್ಲ.

ಇನ್ನೊಂದು ಮುಖ್ಯ ಮಾತು ಪರೀಕ್ಷೆಯದು. ಶಿಡ್ಲಘಟ್ಟಕ್ಕೆ ಗೂಡು ಒಯ್ಯುವವರಿಗೆ ರೆಂಡಿಟ್ಟಾ ಗೊತ್ತು: ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ ಅನ್ನೋ ಲೆಕ್ಕ. ಅದು ಗೊತ್ತಿಲ್ಲದವನು ಕೇಳಿದ ಬೆಲೆಗೆ ಕೊಟ್ಟು ಬರಬೇಕು. ಈ ಹಾಳೆಗೂ ಅಂಥ ಅಳತೆಗಳಿವೆ. ಎಕ್ಸ್-ರೇ ಹಾಯಿಸಿದರೆ ಎಳೆಗಳು ಎಷ್ಟು ಕ್ರಮವಾಗಿ ಕೂತಿವೆ ಅಂತ ತಿಳಿಯುತ್ತೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಳೆಯ ದಪ್ಪ ಕಾಣುತ್ತೆ. ಎಳೆದು ಹರಿಯುವ ಯಂತ್ರ ಗಟ್ಟಿತನ ಹೇಳುತ್ತೆ. ಗಾಯಕ್ಕೆ ಕಟ್ಟುವ ಪಟ್ಟಿಗೆ ಒಂದು ಗುಣ ಬೇಕು, ಚೀಲ ಹೊಲಿಯೋಕೆ ಇನ್ನೊಂದು. ಈ ಅಂಕಿಗಳು ಕೊಳ್ಳುವವನ ಕೈಲಿ ಮಾತ್ರ ಇದ್ದರೆ ನಮ್ಮ ಮಾಲು ಯಾವತ್ತೂ ಎರಡನೇ ದರ್ಜೆಯದೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬೆಂಗಳೂರಿನ ಜಿಕೆವಿಕೆಯಾಗಲಿ, ಚಿಂತಾಮಣಿ ಹತ್ತಿರದ ಕುರುಬೂರು ಕೃಷಿ ವಿಜ್ಞಾನ ಕೇಂದ್ರವಾಗಲಿ ನಮ್ಮದೇ ಟೊಮೆಟೊ, ದ್ರಾಕ್ಷಿಯಲ್ಲಿ ಮಾಡಿ ನೋಡಲಿ. ಒಂದು ಕಿಲೋ ಒಣ ಹಾಳೆಗೆ ಎಷ್ಟು ಹಣ್ಣು, ಎಷ್ಟು ನೀರು, ಎಷ್ಟು ಸೌದೆ ಅಂತ ಕನ್ನಡದಲ್ಲಿ ಅಚ್ಚು ಹಾಕಲಿ. ಪರೀಕ್ಷೆಯ ಒಂದು ಪ್ರತಿ ರೈತರ ಕೈಗೂ ಬರಲಿ. ಅಲ್ಲಿ ತನಕ ಯಾರೇ ಬಂದು ಆಸೆ ತೋರಿಸಿದರೂ ಟ್ರೇ, ಶೆಡ್ಡು ಅಂತ ಸಾಲ ಮಾಡಬೇಡಿ.