ಬ್ರೀಚ್: ಮುರಿದವರು ಯಾರು?



ಇಂಗ್ಲಿಷಿನ ‘ಬ್ರೀಚ್’ ಎಂಬ ಶಬ್ದಕ್ಕೆ ನಾವೆಲ್ಲ ‘ಉಲ್ಲಂಘನೆ’ ಎಂದು ಒಂದೇ ಅರ್ಥ ಬರೆದುಕೊಳ್ಳುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಬದುಕಿಗೆ ಅಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ.

ಲಂಘನ ಅಂದರೆ ಜಿಗಿತ. ಹನುಮಂತ ಮಾಡಿದ್ದು ಸಮುದ್ರ ಲಂಘನ. ಹಾಗಾಗಿ ಉಲ್ಲಂಘನೆ ಅಂದರೆ ಗೆರೆ ದಾಟುವುದು. ‘ಬ್ರೀಚ್’ ಹಾಗಲ್ಲ. ಅದು ‘ಬ್ರೇಕ್’ ಶಬ್ದದ ಬಳಗದ್ದು; ಮುರಿ, ಒಡೆ ಎಂಬುದೇ ಅದರ ಮೂಲ ಅರ್ಥ. 2019ರ ಮಹಾಪೂರದಲ್ಲಿ ರಾಮದುರ್ಗದ ಕಡೆ ಮಲಪ್ರಭೆ ದಂಡೆ ದಾಟಿ ಬಂದಳು. ಇದು ದಾಟುವುದು. ಸವದತ್ತಿಯ ನವಿಲುತೀರ್ಥದ ನೀರು ಹರಿಯುವ ಕಾಲುವೆಯ ಒಡ್ಡು ಕಿತ್ತುಹೋದರೆ ಇಂಜಿನಿಯರ್ ಸಾಹೇಬರು ‘ಬ್ರೀಚ್ ಆಗೇತಿ’ ಅಂತಾರೆ, ರೈತರು ‘ಕಾಲುವಿ ಒಡದೈತಿ’ ಅಂತಾರೆ. ಒಡೆದದ್ದನ್ನು ಯಾರಾದರೂ ಮತ್ತೆ ಕಟ್ಟಿಕೊಡಲೇಬೇಕು. ವ್ಯತ್ಯಾಸ ಇರುವುದು ಇಲ್ಲೇ.

ತೋಪು ಹೊಡೆದು ಕೋಟೆಗೋಡೆಯಲ್ಲಿ ಮಾಡಿದ ಕಂಡಿಗೂ ಬ್ರೀಚ್ ಎಂದೇ ಹೆಸರು. ಕಾಯ್ದೆಯಲ್ಲಿ ಇದೇ ಶಬ್ದ ಒಂದು ಕಡೆ ಶಾಂತಿಭಂಗ, ಇನ್ನೊಂದು ಕಡೆ ನಂಬಿಕೆದ್ರೋಹ, ಮತ್ತೊಂದು ಕಡೆ ಕರಾರುಭಂಗ. ನಮ್ಮ ಹಿರಿಯರು ‘ಮಾತಿಗೆ ತಪ್ಪಿದ’ ಅಂತಾರೆ. ಇಷ್ಟು ಶಬ್ದ ಇರುವಾಗ ಎಲ್ಲದಕ್ಕೂ ಉಲ್ಲಂಘನೆ ಎಂದರೆ ಮುರಿದದ್ದು ಏನು, ಮುರಿದವರು ಯಾರು ಎಂಬುದೇ ಮುಚ್ಚಿಹೋಗುತ್ತದೆ.

ನಮ್ಮ ಕಿತ್ತೂರನ್ನೇ ನೋಡಿರಿ. ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಎಲಿಯಟ್, ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ಯುದ್ಧ ನಿಲ್ಲಿಸುವ ಭರವಸೆಯ ಮೇಲೆ ರಾಣಿ ಚನ್ನಮ್ಮ ಅವರನ್ನು ಬಿಟ್ಟಳು, ಚಾಪ್ಲಿನ್ ಸಾಹೇಬ ಮಾತಿಗೆ ತಪ್ಪಿದ ಎಂದು ನಮ್ಮ ಕಡೆಯ ಇತಿಹಾಸ ಹೇಳುತ್ತದೆ. ಡಿಸೆಂಬರಿನಲ್ಲಿ ಕೋಟೆ ಬಿತ್ತು. 1829ರಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಆಂಗ್ಲರು ಇದನ್ನೆಲ್ಲ ಕಿತ್ತೂರಿನ ‘ದಂಗೆ’ ಎಂದು ಬರೆದರು. ಲೇಖನಿ ಯಾರ ಕೈಯಲ್ಲಿದೆಯೋ ಅವರು ಮುರಿದದ್ದು ಕಾಣಲೇ ಇಲ್ಲ!

ಇದು ಹಳೇ ಕಥಿ ಅಂತ ತಿಳೀಬ್ಯಾಡ್ರಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ಬೇರೆ ಲಿಖಿತ ಕರಾರು ಇಲ್ಲದೆ ತಡ ಮಾಡಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿತು. ಹೋದ ಹಂಗಾಮಿನಲ್ಲಿ ನಮ್ಮ ಮನೆಯ ಬಿಲ್ಲು ಮೂರು ತಿಂಗಳಾದ ಮೇಲೆ ಬಂತು, ಬಡ್ಡಿ ಬರಲೇ ಇಲ್ಲ. ಅದಕ್ಕೆ ಅವರು ಇಟ್ಟ ಹೆಸರು ‘ವಿಳಂಬ’. ಆ ಹಣ ಬಾರದ್ದಕ್ಕೆ ಅಪ್ಪನ ಸಾಲದ ಕಂತು ಒಂದು ತಿಂಗಳು ತಡವಾಯಿತು. ಆಗ ಬಂದ ನೋಟೀಸಿನಲ್ಲಿ ಇದ್ದದ್ದು ‘ಕರಾರು ಉಲ್ಲಂಘನೆ’. ದೊಡ್ಡವರು ಮಾಡಿದರೆ ವಿಳಂಬ, ಬಡವರು ಮಾಡಿದರೆ ಉಲ್ಲಂಘನೆ. ಇದ್ಯಾವ ನ್ಯಾಯ, ನೀವೇ ಹೇಳ್ರಿ?

ಕರಾರು ಮುರಿದವರು ಎದುರಿನವರ ನಷ್ಟ ತುಂಬಿಕೊಡಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆ. ‘ವಿಳಂಬ’ ಎಂದರೆ ಕಾಯುತ್ತ ಕೂಡಬೇಕು. ‘ಮುರಿದಿದ್ದೀರಿ’ ಎಂದರೆ ಕೇಳುವ ಹಕ್ಕು ಬರುತ್ತದೆ. ಆದ್ದರಿಂದ ಅರ್ಜಿಯಿರಲಿ, ಇತಿಹಾಸದ ಉತ್ತರವಿರಲಿ, ಮೊದಲು ಮೂರು ಪ್ರಶ್ನೆ ಕೇಳೋಣ: ಮುರಿದದ್ದು ಏನು? ಮುರಿದವರು ಯಾರು? ಹಾನಿ ಯಾರಿಗೆ? ಆಮೇಲೆ ತಕ್ಕ ಶಬ್ದ ಆರಿಸೋಣ.

ಒಪ್ಪದವರು ತಮ್ಮ ವಿಚಾರವನ್ನು ಮುಂದಿನ ಸಂಚಿಕೆಗೆ ಬರೆದುಕೊಡಬೇಕೆಂದು ವಿನಂತಿ.

– 10ನೆಯ ವರ್ಗದ ಒಬ್ಬ ವಿದ್ಯಾರ್ಥಿನಿ