ಗೋಧಿಯಿಲ್ಲದ ಅಡುಗೆಯ ಜಮಾ-ಖರ್ಚು

ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ನನ್ನ ಮಗಳಿಗೆ ಆಜೀವ ವರ್ಜ್ಯವೆಂದೂ, ಆಕೆಗಿರುವುದು ಸೀಲಿಯಾಕ್ ರೋಗವೆಂದೂ ವೈದ್ಯರು ತಿಳಿಸಿದಾಗ, ನಾವು ದುಬಾರಿ ‘ಗ್ಲುಟೆನ್‌ರಹಿತ’ ಪೊಟ್ಟಣಗಳನ್ನೇ ತಂದೆವು. ತಿಂಗಳ ಲೆಕ್ಕ ಬರೆದಾಗ ಬ್ಯಾಂಕಿನವನಾದ ನನಗೂ ದಿಗಿಲಾಯಿತು.

ಈ ವೆಚ್ಚ ಅನಾವಶ್ಯಕವೆಂಬುದು ನನ್ನ ಅಭಿಪ್ರಾಯ. ಕಲಬುರಗಿಯಿಂದ ಹೈದರಾಬಾದಿಗೆ ಬಂದ ನಮ್ಮ ಹಿರಿಯರು ಉಂಡ ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ಅಕ್ಕಿ, ರಾಗಿ, ಸಜ್ಜೆಗಳಲ್ಲಿಯೂ ಇಲ್ಲ. ಎಚ್ಚರ ಬೇಕಾದುದು ಬೇರೆಡೆ: ಗೋಧಿ ಬೀಸುವ ಗಿರಣಿಯಲ್ಲಿಯೇ ಬೀಸಿದ ಜೋಳದ ಹಿಟ್ಟಿನಲ್ಲಿ, ಮೈದಾ ಬೆರೆತ ಇಂಗಿನಲ್ಲಿ. ಕಾಳನ್ನು ಕೊಂಡು, ಆರಿಸಿ, ಮನೆಯಲ್ಲಿಯೇ ಬೀಸುವುದು ಲೇಸು.

ಒಂದು ಮಾತು: ಪರೀಕ್ಷೆಗೆ ಮುನ್ನವೇ ಗೋಧಿಯನ್ನು ತ್ಯಜಿಸಿದರೆ ರೋಗ ಪತ್ತೆಯಾಗದೆ ಹೋಗಬಹುದು. ಆದುದರಿಂದ ಮೊದಲು ವೈದ್ಯರ ಸಲಹೆ, ಅನಂತರ ಅಜ್ಜಿಯ ರೊಟ್ಟಿ.